3,000 ರೂಪಾಯಿ ಇಟ್ಟುಕೊಂಡು ಕೆಲಸ ಹುಡುಕಿದ ಒಂದು ತಿಂಗಳು

ನಮಸ್ಕಾರ ಎಲ್ಲರಿಗೂ. ಈಗ ಕಾಣುತ್ತಿರುವುದು ನಮ್ಮ ದಾವಣಗೆರೆಯ ಮಂಡಿಪೇಟೆ. ಬೆಳಿಗ್ಗೆ ಹೊತ್ತು, ಷಟರ್‌ಗಳು ಒಂದೊಂದೇ ಏಳುತ್ತಿವೆ, ಹುಡುಗರು ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದಾರೆ. ಹೋದ ತಿಂಗಳು ಪೂರ್ತಿ ನಾನು ಓಡಾಡಿದ್ದು ಹೆಚ್ಚುಕಮ್ಮಿ ಇಲ್ಲೇ.

ನಾಲ್ಕು ವರ್ಷ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿತು. ಕೊನೆ ಸಂಬಳದಲ್ಲಿ ಬಾಡಿಗೆ, ರೇಷನ್, ಅವ್ವನ ಬಿಪಿ ಮಾತ್ರೆ ಅಂತ ತೆಗೆದಿಟ್ಟ ಮೇಲೆ ಕೆಲಸ ಹುಡುಕುವುದಕ್ಕೆ ಉಳಿದದ್ದು 3,000 ರೂಪಾಯಿ. ಅದು ಎಲ್ಲೆಲ್ಲಿ ಹೋಯಿತು, ಯಾವುದು ಉಪಯೋಗಕ್ಕೆ ಬಂತು ಅಂತ ಹೇಳುತ್ತೇನೆ.

ಮೊದಲನೇ ವಾರವೇ 500 ಹೋಯಿತು. ಒಬ್ಬರು ಫೋನ್ ಮಾಡಿದರು, ಮನೆಯಿಂದಲೇ ಡಾಟಾ ಎಂಟ್ರಿ, ತಿಂಗಳಿಗೆ 22,000, ರಿಜಿಸ್ಟ್ರೇಷನ್‌ಗೆ ಬರೀ 500 ಕಟ್ಟಿ ಅಂದರು. ಫೋನ್‌ಪೇ ಮಾಡಿದೆ. ಎರಡು ದಿನ ಬಿಟ್ಟು ಆ ನಂಬರ್ ಸ್ವಿಚ್ ಆಫ್. ರಾತ್ರಿ ನಿದ್ದೆ ಬರಲಿಲ್ಲ ನನಗೆ, ಯಾಕೆಂದರೆ ಅಷ್ಟು ದುಡ್ಡಿಗೆ ಅವ್ವನ ಒಂದು ತಿಂಗಳ ಮಾತ್ರೆ ಬರುತ್ತದೆ. ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕು, ನಮ್ಮಿಂದ ಕೇಳಬಾರದು. ಕೇಳಿದರೆ ಅಲ್ಲೇ ಫೋನ್ ಇಡಿ. ಆಗಲೇ ಕಟ್ಟಿಬಿಟ್ಟಿದ್ದರೆ ಚಿಕ್ಕ ಮೊತ್ತ ಅಂತ ಸುಮ್ನೆ ಇರಬೇಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವೀಸ್ ವೆಬ್‌ಸೈಟ್‌ನಲ್ಲಿ ಹೆಸರು ನೋಂದಾಯಿಸುವುದಕ್ಕೆ ಒಂದು ಪೈಸೆನೂ ಬೇಡ. ಅಲ್ಲೂ ನೋಂದಾಯಿಸಿದೆ.

ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ತಗೊಳ್ಳಬಹುದಲ್ವಾ ಅಂತ ಕೆಲವರು ಕೇಳಿದ್ದಿರಿ. ಅದು 2022-23ರಿಂದ ಈಚೆಗೆ ಪಾಸಾದವರಿಗೆ, ಡಿಗ್ರಿ ಆದರೆ ತಿಂಗಳಿಗೆ 3,000, ಡಿಪ್ಲೊಮಾ ಆದರೆ 1,500. ನನ್ನ ಬಿ.ಕಾಂ. ಮುಗಿದಿದ್ದು 2019ರಲ್ಲಿ. ನಿಮಗೆ ಬರುವ ಹಾಗಿದ್ದರೆ ಖಂಡಿತ ಹಾಕಿ.

ಆಮೇಲೆ ದಿನಾ ಬೆಳಿಗ್ಗೆ ಲೈಬ್ರರಿ. ಜನತಾವಾಣಿ ಪೇಪರ್‌ನಲ್ಲಿ 'ಬೇಕಾಗಿದ್ದಾರೆ' ಅಂತ ಬರುತ್ತದಲ್ವಾ, ಆ ಸಣ್ಣ ಸಣ್ಣ ಜಾಹೀರಾತುಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಹೊರಗೆ ಬಂದು ಫೋನ್ ಮಾಡುತ್ತಿದ್ದೆ. ಅಲ್ಲಿ ಒಂದು ವಿಷಯ ಗೊತ್ತಾಯಿತು. ನಮ್ಮೂರ ಅಂಗಡಿ ಯಜಮಾನರಿಗೆ ಎರಡು ಪುಟದ ಇಂಗ್ಲಿಷ್ ರೆಸ್ಯೂಮೆ ಓದುವಷ್ಟು ಪುರುಸೊತ್ತು ಇರುವುದಿಲ್ಲ. ಮಡಚಿ ಗಲ್ಲಾಪೆಟ್ಟಿಗೆ ಕೆಳಗೆ ಇಡುತ್ತಾರೆ, ಅಷ್ಟೇ. ಅದಕ್ಕೆ ಅರ್ಧ ಹಾಳೆಯಲ್ಲಿ ಕನ್ನಡದಲ್ಲೇ ಬರೆದೆ. ಟ್ಯಾಲಿ ಬರುತ್ತದೆ, ಜಿಎಸ್‌ಟಿ ಬಿಲ್ ಹಾಕುತ್ತೇನೆ, ಬ್ಯಾಂಕ್ ಕೆಲಸ ಗೊತ್ತು, ನಾಲ್ಕು ವರ್ಷ ಅನುಭವ, ಕೆಳಗೆ ಫೋನ್ ನಂಬರ್ ದಪ್ಪಗೆ. ಒಂದು ಎ4 ಹಾಳೆಗೆ ಎರಡು ಬರುತ್ತವೆ, ಝೆರಾಕ್ಸ್ ಖರ್ಚೂ ಅರ್ಧ. ಇದನ್ನು ಕೊಟ್ಟಾಗ ಜನ ಅಲ್ಲೇ ನಿಂತು ಓದಿದರು, ಎಲ್ಲಿ ಮಾಡುತ್ತಿದ್ದೆ, ಯಾಕೆ ಬಿಟ್ಟೆ ಅಂತ ಕೇಳಿದರು. ಚೌಕಿಪೇಟೆ, ಮಂಡಿಪೇಟೆ, ಅಶೋಕ ರಸ್ತೆ, ಎಲ್ಲ ನಡೆದುಕೊಂಡೇ ಸುತ್ತಿದೆ.

ಚಿತ್ರದುರ್ಗಕ್ಕೂ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹೊರಗೆ ಪ್ರೈವೇಟ್ ಬಸ್ ಸಿಕ್ಕಿತ್ತು, ಹತ್ತಲಿಲ್ಲ. ಒಳಗೆ ಹೋಗಿ ಕೆಂಪು ಬಸ್‌ಗೆ ಕಾದೆ, ಆಧಾರ್ ತೋರಿಸಿದೆ, ಕಂಡಕ್ಟರ್ ಹೆಂಗಸರಿಗೆ ಕೊಡುವ ಉಚಿತ ಶಕ್ತಿ ಟಿಕೆಟ್ ಹರಿದುಕೊಟ್ಟರು. ಮೊತ್ತದ ಜಾಗದಲ್ಲಿ ಸೊನ್ನೆ. ಆ ಟಿಕೆಟ್ ಇನ್ನೂ ಪರ್ಸ್‌ನಲ್ಲಿದೆ. ಅದು ಇಲ್ಲದಿದ್ದರೆ ಆ ಇಂಟರ್‌ವ್ಯೂಗೆ ನಾನು ಹೋಗುತ್ತಲೇ ಇರಲಿಲ್ಲ, ನಿಜ ಹೇಳುತ್ತೇನೆ. ಕೆಲಸವೂ ಸಿಕ್ಕಿತು, 15,000ಕ್ಕೆ. ವಾಪಸ್ ಬರುವಾಗ ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದೆ. ಪಿಎಫ್ ಶೇ. 12 ಅಂದರೆ 1,800, ಇಎಸ್‌ಐ 113, ಕೈಗೆ ಬರುವುದು 13,087. ಅದರಲ್ಲಿ ಅಲ್ಲಿ ರೂಮ್ ಬಾಡಿಗೆ, ಇಲ್ಲಿ ಮನೆ ಬಾಡಿಗೆ, ಎರಡು ಒಲೆ. ಪಿಎಫ್ ದುಡ್ಡು ನಮ್ಮದೇ, ಅವರೂ ಅಷ್ಟು ಹಾಕುತ್ತಾರೆ, ಅದನ್ನು ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಆದರೆ ಅವ್ವನನ್ನು ಒಬ್ಬಳೇ ಬಿಡುವುದಕ್ಕೂ ಆಗಲಿಲ್ಲ. ಎರಡು ದಿನ ಟೈಮ್ ಕೇಳಿದೆ.

ಮಾರನೇ ದಿನ ಎಪಿಎಂಸಿ ಕಡೆ ಹೋದಾಗ ಬೀಜ ಗೊಬ್ಬರದ ಅಂಗಡಿಯೊಂದರ ಗಾಜಿನ ಮೇಲೆ ಪೆನ್ನಿನಲ್ಲಿ ಬರೆದ ಚೀಟಿ ಕಂಡಿತು. 'ಲೆಕ್ಕ ಬರೆಯಲು ಬೇಕಾಗಿದ್ದಾರೆ.' ಒಳಗೆ ಹೋದೆ. ಯಜಮಾನರು ನನ್ನ ಅರ್ಧ ಹಾಳೆ ಓದಿ, "ಕೂತ್ಕೋ ಬಾರಮ್ಮ, ಇದೊಂದು ಬಿಲ್ ಹಾಕು ನೋಡೋಣ" ಅಂತ ಚೀಟಿ ಕೊಟ್ಟರು. ಮೆಕ್ಕೆಜೋಳದ ಬೀಜ, ಯೂರಿಯಾ, ಹುಳದ ಔಷಧಿ. ಮೂರಕ್ಕೂ ತೆರಿಗೆ ಬೇರೆ ಬೇರೆ. ಬಿತ್ತನೆ ಬೀಜಕ್ಕೆ ಇಲ್ಲ, ಗೊಬ್ಬರಕ್ಕೆ ಶೇ. 5, ಔಷಧಿಗೆ ಶೇ. 18. ಬಟ್ಟೆ ಅಂಗಡಿಯಲ್ಲಿ ಇದು ಯಾವುದೂ ಬಂದಿರಲಿಲ್ಲ, ಆದರೆ ಚೌಕಿಪೇಟೆಯಲ್ಲಿ ಇಂಥದ್ದೇ ಒಂದು ಅಂಗಡಿಯಲ್ಲಿ ಹೋದ ವಾರ ಕೆಲಸ ಇಲ್ಲ ಅಂದ ಅಣ್ಣ, ಟೀ ಕೊಟ್ಟು, ಈ ಲೈನ್‌ಗೆ ಬರುವುದಾದರೆ ಇದನ್ನು ಮೊದಲು ಕಲಿತುಕೋ ಅಂತ ಹೇಳಿಕೊಟ್ಟಿದ್ದರು. ಬಿಲ್ ಹಾಕಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ನೋಡಿದರು. 14,000, ಸೋಮವಾರದಿಂದ ಬಾ ಅಂದರು. ಪಿಎಫ್ ಇಲ್ಲ ಅಂತಲೂ ಅವರೇ ಹೇಳಿದರು. ಮನೆಗೆ ಬರುವ ದಾರಿಯಲ್ಲೇ ಪೋಸ್ಟ್ ಆಫೀಸ್ ಇದೆ, ತಿಂಗಳಿಗೆ 1,000 ಆರ್‌ಡಿ ಕಟ್ಟುವುದು ಅಂತ ಆಗಲೇ ತೀರ್ಮಾನ ಮಾಡಿದೆ.

ನೋಟ್‌ಬುಕ್ ಪ್ರಕಾರ ಇನ್ನೂ 860 ಉಳಿದಿದೆ.

ಹೊರಡುವಾಗ ಯಜಮಾನರು ಹುಡುಗನನ್ನು ಕರೆದು, "ಆ ಚೀಟಿ ಕಿತ್ತಾಕಪ್ಪ" ಅಂದರು. ಕೇಳಿ ಪರ್ಮಿಷನ್ ತಗೊಂಡು ಫೋನ್ ಆನ್ ಮಾಡಿದೆ. ಈಗ ನೀವು ನೋಡುತ್ತಿರುವುದು ಅದೇ. ನೀರು ಹಚ್ಚಿ, ಉಗುರಿನಿಂದ ಗಮ್ ಕೆರೆಯುತ್ತಿದ್ದಾನೆ.