ಟೊಮೆಟೊ ದರಕ್ಕೊಂದು ಕಮಾಂಡ್

ನಮಸ್ಕಾರ ಕೇಳುಗರೇ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಬಾಕ್ಸ್ ಅಂದರೆ 15 ಕೆಜಿ. ಆ ದಿನದ ದರವನ್ನು ರೈತರಿಗೆ ತೋರಿಸುವ ಸಣ್ಣ ವೆಬ್‌ಸೈಟೊಂದನ್ನು ನೀವು ಜಾಂಗೊದಲ್ಲಿ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಿನಲ್ಲಿ, ಕಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಮಂಡಿಯಿಂದ ದಿನಾ ಒಂದು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾಲುಗಳ ಪಟ್ಟಿ, ಬರುತ್ತದೆ. ಅಡ್ಮಿನ್ ಪುಟ ತೆಗೆದು ಒಂದೊಂದೇ ಸಾಲು ಟೈಪ್ ಮಾಡುತ್ತಾ ಕೂತರೆ ವಾರದೊಳಗೆ ಸಾಕಪ್ಪಾ ಅನಿಸುತ್ತದೆ. ಇದಕ್ಕೆಂದೇ ಬೇರೆ ಪುಟ ಮಾಡಿ ಬಟನ್ ಇಡುವವರೂ ಇದ್ದಾರೆ. ನನ್ನ ಕೇಳಿದರೆ ಅದು ಬೇಡ. ಲಾಗಿನ್, ಪರ್ಮಿಷನ್, ಟೈಮ್‌ಔಟ್ ಅಂತ ಸುಮ್ನೆ ಕೆಲಸ ಬೆಳೆಯುತ್ತದೆ. ಟರ್ಮಿನಲ್‌ನಲ್ಲಿ ಒಂದು ಸಾಲು ಹೊಡೆದರೆ ಮುಗಿಯಬೇಕು.

ಜಾಂಗೊ ಬಳಸುವವರು ಮೈಗ್ರೇಟ್, ರನ್‌ಸರ್ವರ್ ಅಂತ ದಿನಾ ಹೊಡೆಯುತ್ತಾರೆ, ಅಲ್ವಾ? ಅವೆಲ್ಲ ಮ್ಯಾನೇಜ್ ಡಾಟ್ ಪಿವೈ ಎಂಬ ಫೈಲ್ ಮೂಲಕ ಓಡುವ ಕಮಾಂಡುಗಳು. ಅವುಗಳ ಜೊತೆಗೆ ನಮ್ಮದನ್ನೂ ಸೇರಿಸಬಹುದು. ನಿಮ್ಮ ಸೈಟಿನ ಭಾಗವಾದ ಆ್ಯಪ್‌ನ ಫೋಲ್ಡರ್ ಒಳಗೆ ಮ್ಯಾನೇಜ್‌ಮೆಂಟ್ ಅಂತ ಒಂದು ಫೋಲ್ಡರ್, ಅದರೊಳಗೆ ಕಮಾಂಡ್ಸ್ ಅಂತ ಇನ್ನೊಂದು. ಕೊನೆಯ ಎಸ್ ಬಿಡಬೇಡಿ. ಅಲ್ಲಿಡುವ ಪೈಥಾನ್ ಫೈಲಿನ ಹೆಸರೇ ಕಮಾಂಡಿನ ಹೆಸರು. ಅದರಲ್ಲಿ ಜಾಂಗೊದ ಬೇಸ್‌ಕಮಾಂಡ್ ಕ್ಲಾಸಿನಿಂದ ಬಂದ ಕಮಾಂಡ್ ಎಂಬ ಕ್ಲಾಸ್, ಕ್ಲಾಸಿನೊಳಗೆ ಕಮಾಂಡ್ ಓಡಿಸಿದಾಗ ನಡೆಯುವ ಹ್ಯಾಂಡಲ್ ಎಂಬ ಮೆಥಡ್. ಆ್ಯಪ್ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಇರಬೇಕು. ಇಷ್ಟೇ ವ್ಯವಸ್ಥೆ.

ಕಷ್ಟ ಇರುವುದು ಹ್ಯಾಂಡಲ್ ಒಳಗೆ ಏನು ಬರೆಯುತ್ತೀರಿ ಅನ್ನುವುದರಲ್ಲಿ. ಒಂದೇ ಫೈಲನ್ನು ಯಾರೋ ಎರಡು ಸಲ ಓಡಿಸಿಯೇ ಓಡಿಸುತ್ತಾರೆ. ಆಗ ದರ ಎರಡೆರಡು ಸಲ ಸೇರಬಾರದು. ಅದಕ್ಕೇ ಬರೀ ಕ್ರಿಯೇಟ್ ಬೇಡ, ಅಪ್‌ಡೇಟ್ ಆರ್ ಕ್ರಿಯೇಟ್ ಬಳಸಿ. ತಾರೀಕು ಮತ್ತು ತಳಿ ನೋಡಿ ಹುಡುಕುವಂತೆ ಬರೆದರೆ, ಆ ಎರಡೂ ಒಂದೇ ಆಗಿದ್ದಾಗ ಹಳೆಯ ಸಾಲೇ ತಿದ್ದುಪಡಿಯಾಗುತ್ತದೆ. ಇಡೀ ಕೆಲಸವನ್ನು ಟ್ರಾನ್ಸಾಕ್ಷನ್ ಡಾಟ್ ಅಟಾಮಿಕ್ ಒಳಗೆ ಇಟ್ಟರೆ, ನಡುವೆ ಒಂದು ಸಾಲು ಕೆಟ್ಟಿದ್ದರೂ ಅರ್ಧಂಬರ್ಧ ತುಂಬುವುದಿಲ್ಲ.

ಇನ್ನು ಅತಿಯಾದ ದರವನ್ನು ತಡೆಯುವ ವಿಷಯ. ಟೈಪ್ ಮಾಡುವಾಗ ಒಂದು ಸೊನ್ನೆ ಜಾಸ್ತಿ ಬಿದ್ದರೆ ಹಿಡಿಯಬೇಕಲ್ಲ? ಬಾಕ್ಸಿಗೆ 1000 ರೂಪಾಯಿ ಮೀರಿದರೆ ತಪ್ಪು ಅಂತ ಕೋಡಿನಲ್ಲೇ ಬರೆದುಬಿಡುವುದು ಸುಲಭ. ಆದರೆ 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ ದರ 2000 ರೂಪಾಯಿಯನ್ನೇ ದಾಟಿತ್ತು! ಅಂಥ ಕಮಾಂಡ್ ಇದ್ದಿದ್ದರೆ, ರೈತರು ದರ ನೋಡಲು ಕಾಯುತ್ತಿದ್ದ ದಿನವೇ ನಿಜವಾದ ದರವನ್ನು ಸುಳ್ಳು ಅಂತ ಎಸೆಯುತ್ತಿತ್ತು. ಹಾಗಾಗಿ ಮಿತಿಯನ್ನು ಹೊರಗಿನಿಂದ ಕೊಡುವಂತೆ ಮಾಡಿ. ಆ್ಯಡ್ ಆರ್ಗ್ಯುಮೆಂಟ್ಸ್ ಎಂಬ ಮೆಥಡ್‌ನಲ್ಲಿ ಡ್ಯಾಶ್ ಡ್ಯಾಶ್ ಮ್ಯಾಕ್ಸ್ ಅಂತ ಸೇರಿಸಿ, ಟೈಪ್ ಇಂಟ್, ಅಂದರೆ ಪೂರ್ಣಸಂಖ್ಯೆ, ಅನ್ನಿ. ಮಾರುಕಟ್ಟೆ ಏರಿದ ದಿನ ಕೋಡ್ ಮುಟ್ಟದೆ ಮಿತಿ ಏರಿಸಬಹುದು. ಮಿತಿ ಮೀರಿದಾಗ ಕಮಾಂಡ್ ಎರರ್ ಎಂಬ ದೋಷಸಂದೇಶ ಎಸೆದು ಕೆಲಸ ನಿಲ್ಲಿಸಿ. ಅದರಲ್ಲಿ ಎಷ್ಟನೇ ಸಾಲು, ಯಾವ ದರ ಅಂತ ಹೇಳಿ. ಬರೀ 'ತಪ್ಪಾಗಿದೆ' ಅಂದರೆ ಯಾರಿಗೆ ಏನು ತಿಳಿಯುತ್ತದೆ?

ಡ್ರೈ ರನ್ ಆಯ್ಕೆಯನ್ನೂ ಇಡಿ. ಏನೇನು ಬದಲಾಗುತ್ತದೆ ಅಂತ ತೋರಿಸಬೇಕು, ಡೇಟಾಬೇಸ್ ಮುಟ್ಟಬಾರದು. ಜಾಂಗೊ ಇದನ್ನು ತಾನಾಗಿ ಕೊಡುವುದಿಲ್ಲ, ನಾವೇ ಬರೆಯಬೇಕು. ಟರ್ಮಿನಲ್‌ನಲ್ಲಿ ಡ್ರೈ ಮತ್ತು ರನ್ ನಡುವೆ ಡ್ಯಾಶ್ ಇದ್ದರೂ ಕೋಡಿನೊಳಗೆ ಅದು ಅಂಡರ್‌ಸ್ಕೋರ್ ಆಗುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ.

ದಿನಾ ತಾನಾಗಿ ಓಡಲಿ ಅಂದರೆ, ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ಗೆ ಒಪ್ಪಿಸಿ. ಪ್ರಾಜೆಕ್ಟಿಗೆಂದೇ ಪೈಥಾನ್ ಬೇರೆ ಇಡುವ ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟ್ ಎಲ್ಲಿದೆ ಅಂತ ಕ್ರಾನ್‌ಗೆ ಗೊತ್ತಿರುವುದಿಲ್ಲ. ಅದರೊಳಗಿನ ಪೈಥಾನ್‌ನ ಪೂರ್ತಿ ದಾರಿ (ಪಾತ್) ಬರೆಯಿರಿ, ಮ್ಯಾನೇಜ್ ಡಾಟ್ ಪಿವೈನದ್ದೂ ಬರೆಯಿರಿ. ಹೊರಬರುವ ಸಂದೇಶಗಳು ಒಂದು ಲಾಗ್ ಫೈಲಿಗೆ ಹೋಗಲಿ. ನಮಸ್ಕಾರ.