ಡಯಲ್ ಬಿಡಿ, ಮುಚ್ಚಳ ತೆಗೆಯಿರಿ: ಇಂಗ್ಲಿಷ್ ಪಾಕೆಟ್ ವಾಚಿನ ವಯಸ್ಸು ಪತ್ತೆ

[ದೃಶ್ಯ: ಬೆಳ್ಳಿಯ ಪಾಕೆಟ್ ವಾಚ್, ಡಯಲ್ ಹತ್ತಿರದಿಂದ]

ನಮಸ್ಕಾರ. ಹಳೆಯ ಇಂಗ್ಲಿಷ್ ಪಾಕೆಟ್ ವಾಚ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಡಯಲ್ ಮೇಲಿನ ಹೆಸರಿಗೆ. ಎಷ್ಟೋ ಸಲ ಆ ಹೆಸರು ವಾಚ್ ಮಾಡಿದವನದಲ್ಲ, ಮಾರಿದ ಅಂಗಡಿಯವನದು. 19ನೇ ಶತಮಾನದಲ್ಲಿ ವಾಚಿನೊಳಗಿನ ಯಂತ್ರಗಳು ಒರಟು ರೂಪದಲ್ಲಿ ಲ್ಯಾಂಕಷೈರಿನ ಪ್ರೆಸ್ಕಟ್ ಊರಿನಲ್ಲಿ ತಯಾರಾಗಿ, ಲಂಡನ್ ಅಥವಾ ಕವೆಂಟ್ರಿಯ ಕುಶಲಕರ್ಮಿಗಳ ಕೈಯಲ್ಲಿ ಪೂರ್ಣಗೊಳ್ಳುತ್ತಿದ್ದವು.

[ದೃಶ್ಯ: ಹಿಂಬದಿ ಮುಚ್ಚಳದ ಒಳಗಿನ ಮುದ್ರೆಗಳು, ಭೂತಗನ್ನಡಿಯಲ್ಲಿ]

ಅದಕ್ಕೇ ಮುಚ್ಚಳ ತೆಗೆಯಿರಿ. ನಡೆಯುತ್ತಿರುವ ಸಿಂಹ ಕಂಡರೆ ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರಕ್ಕೆ 925 ಪಾಲು. ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಊರಿಗೂ ಒಂದು ಗುರುತಿದೆ. ಚಿರತೆಯ ತಲೆ ಲಂಡನ್ನಿನದು. 1821ರವರೆಗೆ ಆ ತಲೆಗೆ ಕಿರೀಟವೂ ಇತ್ತು. ಲಂಗರು ಬರ್ಮಿಂಗ್‌ಹ್ಯಾಮ್. ಕತ್ತಿ, ಜೊತೆಗೆ ಮೂರು ಗೋಧಿ ಸಿವುಡು ಇದ್ದರೆ ಚೆಸ್ಟರ್.

ಪಕ್ಕದಲ್ಲೊಂದು ಅಕ್ಷರ ಇರುತ್ತದೆ, ಅದೇ ವರ್ಷ. ಇಲ್ಲಿ ಮಾತ್ರ ದುಡುಕಬೇಡಿ. ಆ ಕಾಲದಲ್ಲಿ ಲಂಡನ್ನಿನದು 20 ಅಕ್ಷರಗಳ ಸುತ್ತಾಗಿತ್ತು. ಸುತ್ತು ಮುಗಿದ ಮೇಲೆ ಅದೇ ಅಕ್ಷರ ಮತ್ತೆ ಬರುತ್ತಿತ್ತು. 1876ರಲ್ಲಿ ದೊಡ್ಡ 'ಎ', 1896ರಲ್ಲಿ ಸಣ್ಣ 'ಎ'. ಅಕ್ಷರದ ಬರಹವನ್ನೂ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ನೋಡಲೇಬೇಕು. ಬರ್ಮಿಂಗ್‌ಹ್ಯಾಮ್, ಚೆಸ್ಟರ್‌ಗಳ ಲೆಕ್ಕವೇ ಬೇರೆ, ಆದ್ದರಿಂದ ಮೊದಲು ಊರು ಗುರುತಿಸಿ, ಆಮೇಲೆ ಆ ಊರಿನ ಪಟ್ಟಿ ತೆರೆಯಿರಿ.

ಇಷ್ಟಾದರೂ ಸಿಕ್ಕಿದ್ದು ಕೇಸಿನ, ಅಂದರೆ ಹೊರಕವಚದ, ವಯಸ್ಸು ಮಾತ್ರ. ಬೆಳ್ಳಿ ಬಂಗಾರದ ಆಸೆಗೆ ಎಷ್ಟೋ ಚಂದದ ವಾಚುಗಳ ಕೇಸ್ ಕರಗಿಸಿಬಿಟ್ಟಿದ್ದಾರೆ, ನೆನೆದರೆ ಹೊಟ್ಟೆ ಉರಿಯುತ್ತದೆ. ಹಾಗೆ ಉಳಿದ ಯಂತ್ರ ಬೇರೆ ಕೇಸಿಗೆ ಸೇರಿರಬಹುದು, ಆದ್ದರಿಂದ ಕೇಸಿನ ಸಂಖ್ಯೆ ಯಂತ್ರದ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ. ಲಂಗರಿನ ಜೊತೆ 'ಎ.ಎಲ್.ಡಿ.' ಎಂದಿದ್ದರೆ ಕೇಸ್ ಬರ್ಮಿಂಗ್‌ಹ್ಯಾಮ್‌ನ ಕೇಸ್ ತಯಾರಕ ಆರನ್ ಡೆನಿಸನ್‌ರದು. ಒಳಗೆ ಅಮೆರಿಕದ ವಾಲ್ತಮ್ ವಾಚ್ ಕಂಪನಿಯ ಯಂತ್ರ ಇರುವ ಸಾಧ್ಯತೆ ಹೆಚ್ಚು.

[ದೃಶ್ಯ: ಯಂತ್ರ, ಕೊರೆದ ಹೂಬಳ್ಳಿಯ ಕೆತ್ತನೆ]

ನನಗೆ ಅತಿ ಇಷ್ಟದ ಜಾಗ ಇದು. ಓಲಾಡುವ ಬ್ಯಾಲೆನ್ಸ್ ಚಕ್ರವನ್ನು ಮೇಲಿನಿಂದ ಹಿಡಿದಿರುವ ಈ ಕೆತ್ತನೆಯ ತುಂಡು ನೋಡಿ. ಇಂಗ್ಲಿಷ್ ವಾಚಿನಲ್ಲಿ ಇದಕ್ಕೆ ಒಂದೇ ಕಾಲು, ಒಂದೇ ತಿರುಪು. ಯುರೋಪ್ ಖಂಡದ ವಾಚುಗಳಲ್ಲಿ ಸಾಮಾನ್ಯವಾಗಿ ಎರಡೂ ಬದಿಗೆ ಕಾಲೂರಿದ ಸೇತುವೆ ಇರುತ್ತಿತ್ತು. 18ನೇ ಶತಮಾನದಲ್ಲಿ ಲಂಡನ್ ವಾಚಿಗೆ ಎಂಥ ಬೇಡಿಕೆ ಇತ್ತೆಂದರೆ, ಖಂಡದ ಕೆಲಸಗಾರರು ತಮ್ಮ ಅಗ್ಗದ ವಾಚಿಗೂ 'ಲಂಡನ್' ಎಂದು ಕೆತ್ತಿ ಮಾರಿದರು. ಹೆಸರು ಲಂಡನ್ನಿನದು, ಒಳಗೆ ಎರಡು ಕಾಲಿನ ಸೇತುವೆ: ಬೆಲೆ ಮಾತಾಡುವ ಮೊದಲು ಅಲ್ಲೇ ನಿಲ್ಲಿಸಿ.