ಒಬ್ಬ ಲೇಖಕರಿಗೆ ಒಂದೇ ಹೆಸರು

ಕೇಳುಗರಿಗೆ ನಮಸ್ಕಾರ. ಕಾಲೇಜುಗಳಲ್ಲಿ ಮತ್ತು ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಕೆಲಸ ಮಾಡುತ್ತಿರುವ ಗ್ರಂಥಪಾಲಕರನ್ನು, ಅವರಲ್ಲಿಗೆ ಪುಸ್ತಕ ಹುಡುಕಿಕೊಂಡು ಬರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನಿಂದು ಮಾತನಾಡುತ್ತಿದ್ದೇನೆ. ಪುಸ್ತಕಗಳ ಪಟ್ಟಿ ಇಡಲು ಯಾವ ತಂತ್ರಾಂಶವನ್ನು ಹಾಕಿಸಿಕೊಳ್ಳಬೇಕು ಎಂದು ಹೋದಲ್ಲೆಲ್ಲ ಕೇಳುತ್ತಾರೆ. ನ್ಯೂಜಿಲೆಂಡಿನ ಒಂದು ಸಣ್ಣ ಪ್ರದೇಶದ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಸಿದ್ಧವಾಗಿ 2000ದಲ್ಲಿ ಬಳಕೆಗೆ ಬಂದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕೋಹಾ ಇದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದವರು ರೂಪಿಸಿದ ಸೋಲ್ ಇದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ ಇದೆ. ಮೂರೂ ಒಳ್ಳೆಯವೇ, ಯಾವುದನ್ನಾದರೂ ಆರಿಸಿಕೊಳ್ಳಿ. ಆದರೆ ಅದರೊಳಗೆ ಒಬ್ಬ ಲೇಖಕರಿಗೆ ಒಂದೇ ಹೆಸರು ಇರಲಿ. ನಾನು ಹೇಳಬೇಕಾಗಿರುವುದು ಇಷ್ಟೇ.

ಒಂದು ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಹೊಸ ಕಂಪ್ಯೂಟರುಗಳು, ಬಾರ್‌ಕೋಡ್ ಚೀಟಿಗಳು, ಓದುಗರಿಗೆಂದೇ ಬಾಗಿಲ ಬಳಿ ಇಟ್ಟ ಒಂದು ಪರದೆ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಕನ್ನಡ ಎಂ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಆ ಪರದೆಯ ಮುಂದೆ ನಿಂತು ಕುವೆಂಪು ಎಂದು ಟೈಪ್ ಮಾಡಿದಳು. ಬಂದದ್ದು ಬೆರಳೆಣಿಕೆಯ ಪುಸ್ತಕಗಳು. ಅವಳಿಗೆ ಬೇಕಾಗಿದ್ದ ವಿಮರ್ಶಾ ಸಂಕಲನ ಅಲ್ಲಿರಲಿಲ್ಲ. ಇಲ್ಲವಂತೆ ಎಂದು ಗೆಳತಿಗೆ ಹೇಳಿ ಅವಳು ಹೊರಟೇಬಿಟ್ಟಿದ್ದಳು. ಅಷ್ಟರಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದ ಸಹಾಯಕರೊಬ್ಬರು, ‘ಸ್ವಲ್ಪ ನಿಲ್ಲಮ್ಮ’ ಎಂದು ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಹಳೆಯ ಕಾರ್ಡುಗಳ ಮರದ ಖಾನೆಗಳನ್ನು ಯಾರೂ ಎಸೆಯದೆ ಅಲ್ಲೇ ಇಟ್ಟಿದ್ದರು. ಅವರು ‘ಪ’ ಅಕ್ಷರದ ಖಾನೆಯನ್ನು ಎಳೆದು, ಅಂಚು ಮಾಸಿದ ಒಂದು ಕಾರ್ಡನ್ನು ತೋರಿಸಿದರು. ಅದರ ಮೇಲೆ ‘ಪುಟ್ಟಪ್ಪ, ಕೆ. ವಿ.’ ಎಂದೂ, ಅದರ ಕೆಳಗೆ ‘ನೋಡಿ: ಕುವೆಂಪು’ ಎಂದೂ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ‘ಕುವೆಂಪು’ ಹೆಸರಿನ ಕಾರ್ಡುಗಳಲ್ಲಿ ಅವಳು ಕೇಳಿದ ಪುಸ್ತಕವೂ ಇತ್ತು. ಕಪಾಟಿನಲ್ಲಿ ಆ ಪುಸ್ತಕ ತನ್ನ ಸ್ಥಳದಲ್ಲೇ ಕುಳಿತಿತ್ತು.

ಆಮೇಲೆ ನಾನು ಗ್ರಂಥಪಾಲಕರ ಜೊತೆ ಕುಳಿತು ತಂತ್ರಾಂಶದೊಳಗೆ ನೋಡಿದೆ. ಕುವೆಂಪು, ಡಾ. ಕುವೆಂಪು, ರಾಷ್ಟ್ರಕವಿ ಕುವೆಂಪು, ಕೆ.ವಿ. ಪುಟ್ಟಪ್ಪ, ಪುಟ್ಟಪ್ಪ ಕೆ ವಿ, ಸಾಲದ್ದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೆರಡು ರೂಪ. ಕಂಪ್ಯೂಟರಿನ ಲೆಕ್ಕದಲ್ಲಿ ಇವರೆಲ್ಲ ಬೇರೆಬೇರೆ ಲೇಖಕರು. ದಿನಗೂಲಿಯ ಮೇಲೆ ಡೇಟಾ ಎಂಟ್ರಿ ಮಾಡಿದ ಹುಡುಗರು ಮುಖಪುಟದಲ್ಲಿ ಕಂಡದ್ದನ್ನು ಕಂಡಹಾಗೆ ತುಂಬಿದ್ದರು. ಅವರನ್ನು ದೂರುವಂತಿಲ್ಲ, ಏಕೆಂದರೆ ಹೆಸರನ್ನು ಹೀಗೇ ಬರೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ಕಾರ್ಡಿನ ಕಾಲದಲ್ಲಿ ಒಬ್ಬರು ಕೈಯಲ್ಲಿ ಬರೆದಿಟ್ಟಿದ್ದ ‘ನೋಡಿ’ ಎಂಬ ಆ ಸೂಚನೆಯನ್ನು ಲಕ್ಷಾಂತರ ರೂಪಾಯಿಯ ವ್ಯವಸ್ಥೆ ಕಳೆದುಕೊಂಡಿತೆಂದರೆ ನನಗೆ ಸಂಕಟವಾಗುತ್ತದೆ.

ದಯವಿಟ್ಟು ಗಮನಿಸಿ, ಇದಕ್ಕೆ ಪರಿಹಾರ ತಂತ್ರಾಂಶದಲ್ಲಿಯೇ ಇದೆ. ಕೋಹಾದಲ್ಲಿ ಅಥಾರಿಟಿ ಎಂಬ ವಿಭಾಗವಿದೆ, ಅಂದರೆ ಹೆಸರುಗಳ ಒಪ್ಪಿತ ರೂಪಗಳನ್ನು ಇಡುವ ಜಾಗ. ದಾಖಲೆಯಲ್ಲಿ ಒಂದೊಂದು ಬಗೆಯ ವಿವರಕ್ಕೂ ಸಂಖ್ಯೆಯಿರುವ ಒಂದೊಂದು ಖಾನೆ ಇರುತ್ತದೆ, ಅದನ್ನೇ ಕ್ಷೇತ್ರ ಎನ್ನುತ್ತಾರೆ. ಅಲ್ಲಿ ‘ಕುವೆಂಪು, 1904-1994’ ಎಂಬ ಒಂದು ದಾಖಲೆ ಮಾಡಿ, ನೂರನೆಯ ಕ್ಷೇತ್ರದಲ್ಲಿ ಈ ರೂಪವನ್ನು, ನಾನೂರನೆಯ ಕ್ಷೇತ್ರಗಳಲ್ಲಿ ಉಳಿದೆಲ್ಲ ರೂಪಗಳನ್ನು ತುಂಬಿ. ವರ್ಷ ಸೇರಿಸುವುದರಿಂದ ಅದೇ ಹೆಸರಿನ ಇನ್ನೊಬ್ಬರು ಬೆರೆತುಹೋಗುವುದಿಲ್ಲ. ಈಗಾಗಲೇ ಚದುರಿಹೋಗಿರುವ ದಾಖಲೆಗಳನ್ನು ವಿಲೀನಗೊಳಿಸಿದರೆ, ಅವುಗಳಿಗೆ ಜೋಡಿಸಿದ ಪುಸ್ತಕಗಳಲ್ಲೂ ಹೆಸರು ತಾನಾಗಿ ತಿದ್ದಿಕೊಳ್ಳುತ್ತದೆ. ಬಳಿಕ ‘ಇನ್‌ಕ್ಲೂಡ್ ಸೀ ಫ್ರಂ ಇನ್ ಸರ್ಚಸ್’ ಎಂಬ, ಅಂದರೆ ‘ನೋಡಿ’ ರೂಪಗಳನ್ನೂ ಹುಡುಕಾಟಕ್ಕೆ ಸೇರಿಸುವ ಆಯ್ಕೆಯನ್ನು ಚಾಲೂ ಮಾಡಿ, ಒಮ್ಮೆ ಪೂರ್ತಿ ರೀಇಂಡೆಕ್ಸ್ ಮಾಡಿಸಿ, ಅಂದರೆ ಹುಡುಕಾಟದ ಸೂಚಿಯನ್ನು ಹೊಸದಾಗಿ ಕಟ್ಟಿಸಿ. ಈ ಕೊನೆಯ ಹೆಜ್ಜೆಯನ್ನೇ ಬಹಳ ಮಂದಿ ಬಿಡುತ್ತಾರೆ, ಬಿಟ್ಟು ತಂತ್ರಾಂಶವನ್ನು ಬೈಯುತ್ತಾರೆ. ಅದನ್ನು ಮಾಡಿದರೆ, ಓದುಗರು ಪುಟ್ಟಪ್ಪ ಎಂದು ಹುಡುಕಿದರೂ ಕುವೆಂಪು ಅವರ ಪುಸ್ತಕಗಳು ಬರುತ್ತವೆ. ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು, ಮಾಸ್ತಿಯವರು ಶ್ರೀನಿವಾಸರೂ ಹೌದು. ಕಾವ್ಯನಾಮಗಳು ಇಷ್ಟೊಂದಿರುವ ನಮ್ಮ ಭಾಷೆಯಲ್ಲಿ ಈ ಕೆಲಸವನ್ನು ಮುಂದೂಡಲಾಗದು. ನಿಮ್ಮಲ್ಲಿ ಅತಿ ಹೆಚ್ಚು ಎರವಲು ಹೋಗುವ ಲೇಖಕರಿಂದ ಆರಂಭಿಸಿ.

ಸಮಯ ಕಡಿಮೆ ಉಳಿದಿದೆ, ಉಳಿದವನ್ನು ಬೇಗ ಹೇಳುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪಟ್ಟಿಯನ್ನು ಯೂನಿಕೋಡಿಗೆ ಪರಿವರ್ತಿಸದೆ ತಂತ್ರಾಂಶಕ್ಕೆ ಸೇರಿಸಬೇಡಿ. ಸೇರಿಸಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಗೋಜಲು ಮಾತ್ರ ಕಾಣುತ್ತದೆ. ಡಿಜಿಟಲ್ ಪ್ರತಿಯಿರುವ ಪುಸ್ತಕಕ್ಕೆ ಎಂಟುನೂರ ಐವತ್ತಾರನೆಯ ಕ್ಷೇತ್ರದಲ್ಲಿ ಕೊಂಡಿ ಕೊಡಿ, ಓದುಗರು ಮನೆಯಲ್ಲೇ ತೆರೆದು ಓದುತ್ತಾರೆ. ಮರಳಿಸುವ ದಿನದ ನೆನಪೋಲೆ, ಮುಂಗಡ ಕಾಯ್ದಿರಿಸುವಿಕೆ, ಅವಧಿ ವಿಸ್ತರಣೆ, ಇವೆಲ್ಲ ಮೊಬೈಲಿನಲ್ಲೇ ಸಾಧ್ಯ. ಆದರೆ ಇಲ್ಲೂ ನನ್ನದು ಅದೇ ಮಾತು: ಮನೆಯಲ್ಲಿ ಕುಳಿತು ಹುಡುಕುವವರಿಗೆ ಪಕ್ಕದ ಕೋಣೆಗೆ ಕರೆದೊಯ್ಯುವ ಸಹಾಯಕರು ಇರುವುದಿಲ್ಲ. ಆದ್ದರಿಂದ ಗ್ರಂಥಪಾಲಕ ಮಿತ್ರರೇ, ನಾಳೆ ಬೆಳಿಗ್ಗೆ ನಿಮ್ಮ ತಂತ್ರಾಂಶದಲ್ಲಿ ಪುಟ್ಟಪ್ಪ ಎಂದು ಹುಡುಕಿ, ಕುವೆಂಪು ಎಂದೂ ಹುಡುಕಿ, ಎರಡರ ಫಲಿತಾಂಶವನ್ನು ಹೋಲಿಸಿ ನೋಡಿ. ನಮಸ್ಕಾರ.